ಹಲವು ಬ್ಲಾಕ್‌ಗಳ ಒಳಾಂಗಣ ನಕ್ಷೆ ದಾರಿ ತಪ್ಪಿಸಿದಾಗ: ದೋಷ ನಿವಾರಣೆ ಕೈಪಿಡಿ

ಆಸ್ಪತ್ರೆ, ಕಾಲೇಜು, ವಿಮಾನ ನಿಲ್ದಾಣ, ನ್ಯಾಯಾಲಯ ಸಂಕೀರ್ಣ ಮುಂತಾದ ಕಡೆಗಳಲ್ಲಿ ಒಳಾಂಗಣ ನಕ್ಷೆ ತಪ್ಪು ದಾರಿ ತೋರಿಸಿತೆಂಬ ದೂರು ಬಂದಾಗ ಎಲ್ಲರ ಅನುಮಾನ ಮೊದಲು ಹರಿಯುವುದು ವೈ-ಫೈ ಮತ್ತು ಬೀಕನ್‌ಗಳ (ಮೊಬೈಲ್‌ಗೆ ಸ್ಥಾನ ತಿಳಿಯಲು ನೆರವಾಗುವ ಪುಟ್ಟ ರೇಡಿಯೊ ಸಾಧನಗಳ) ಮೇಲೆ. ಅವುಗಳನ್ನು ಬದಲಿಸುವುದು ಖರ್ಚಿನ ಕೆಲಸ. ಬದಲಿಸಿದ ಮೇಲೂ ದೂರು ಹಾಗೆಯೇ ಉಳಿಯುವುದು ಅಪರೂಪವೇನಲ್ಲ. ಹಲವು ಕಟ್ಟಡಗಳಿರುವ ಆವರಣದಲ್ಲಿ ದೋಷದ ಬೇರು ಹೆಚ್ಚಾಗಿ ದತ್ತಾಂಶವನ್ನು ಜೋಡಿಸಿದ ರೀತಿಯಲ್ಲೇ ಇರುತ್ತದೆ. ಅದರಲ್ಲೂ ಮಹಡಿಯ ಹೆಸರು, ಮಹಡಿಯ ಕ್ರಮಸಂಖ್ಯೆ, ಮಹಡಿಯ ಎತ್ತರ ಎಂಬ ಮೂರು ಪ್ರತ್ಯೇಕ ಸಂಗತಿಗಳನ್ನು ಒಂದೇ ಅಂಕಣದಲ್ಲಿ ತುಂಬಿಟ್ಟಿರುವುದು ನಾನು ಕಂಡ ದೋಷಗಳಲ್ಲಿ ಮತ್ತೆ ಮತ್ತೆ ಎದುರಾಗುವಂಥದ್ದು. ಆದ್ದರಿಂದ ಈ ಕೈಪಿಡಿ ಉಪಕರಣಗಳಿಂದ ಶುರುವಾಗದೆ ದತ್ತಾಂಶದಿಂದ ಶುರುವಾಗುತ್ತದೆ.

ವಿವರಣೆಗೆ ಆಧಾರವಾಗಿ ಐಎಂಡಿಎಫ್ (ಇಂಡೋರ್ ಮ್ಯಾಪಿಂಗ್ ಡೇಟಾ ಫಾರ್ಮ್ಯಾಟ್) ಎಂಬ ಒಳಾಂಗಣ ನಕ್ಷೆಯ ದತ್ತಾಂಶ ವಿನ್ಯಾಸವನ್ನು ಇಟ್ಟುಕೊಳ್ಳಲಾಗಿದೆ. ಆ್ಯಪಲ್ ಕಂಪನಿ ರೂಪಿಸಿದ ಇದನ್ನು ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ 2021ರಲ್ಲಿ ಸಮುದಾಯ ಮಾನದಂಡವಾಗಿ ಅಂಗೀಕರಿಸಿತು. ಇದರಲ್ಲಿ ಆವರಣ, ಕಟ್ಟಡ, ಕಟ್ಟಡದ ತಳಹದಿ, ಮಹಡಿ, ಕೋಣೆ, ಬಾಗಿಲು, ಸಂಪರ್ಕ ಎಂದು ಒಂದೊಂದು ಬಗೆಯ ವಸ್ತುವಿಗೂ ಒಂದೊಂದು ಜಿಯೋಜೇಸನ್ (ಭೂಮಿಯ ಮೇಲಿನ ಆಕೃತಿಗಳನ್ನು ಪಠ್ಯವಾಗಿ ಬರೆಯುವ ನಮೂನೆ) ಕಡತವಿರುತ್ತದೆ, ಮತ್ತು ಪ್ರತಿಯೊಂದು ವಸ್ತುವೂ ಗುರುತಿನ ಸಂಖ್ಯೆಗಳ ಮೂಲಕ ತಾನು ಯಾವ ಮಹಡಿಗೆ, ಯಾವ ಕಟ್ಟಡಕ್ಕೆ ಸೇರಿದ್ದೆಂಬುದನ್ನು ಹೇಳುತ್ತದೆ. ಸ್ವಯಂಸೇವಕರು ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸರಳ ಒಳಾಂಗಣ ಟ್ಯಾಗಿಂಗ್ ಪದ್ಧತಿಯಲ್ಲಿ ನಕ್ಷೆ ಮಾಡಿದವರಿಗೂ ಇಲ್ಲಿನ ಬಹುತೇಕ ತಪಾಸಣೆಗಳು ಅನ್ವಯಿಸುತ್ತವೆ. ವ್ಯತ್ಯಾಸವಿರುವಲ್ಲಿ ಹಾಗೆಂದು ಹೇಳಲಾಗಿದೆ.

ಉದಾಹರಣೆಗಾಗಿ ಮಲೆನಾಡಿನ ಇಳಿಜಾರಿನಲ್ಲಿರುವ ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಗುಡ್ಡದ ಮೇಲ್ಬದಿಯಲ್ಲಿ ಹಳೆಯ ಎ ಬ್ಲಾಕ್ ಇದೆ. ಅಲ್ಲಿ ಒಂದು ಮಹಡಿಯಿಂದ ಇನ್ನೊಂದಕ್ಕೆ 4.2 ಮೀಟರ್ ಎತ್ತರ. ಕೆಳಬದಿಯಲ್ಲಿ ಹೊಸ ಬಿ ಬ್ಲಾಕ್ ಇದೆ. ಅಲ್ಲಿ ಆ ಅಂತರ 3.3 ಮೀಟರ್. ಬಿ ಬ್ಲಾಕಿನ ನೆಲಮಹಡಿ ಎ ಬ್ಲಾಕಿನ ನೆಲಮಹಡಿಗಿಂತ 3.3 ಮೀಟರ್ ತಗ್ಗಿನಲ್ಲಿದೆ. ಎರಡು ಬ್ಲಾಕ್‌ಗಳ ನಡುವೆ ಎರಡು ಸೇತುವೆಗಳಿವೆ: ಕೆಳಗಿನದು ಎ ಬ್ಲಾಕಿನ ನೆಲಮಹಡಿಯನ್ನು ಬಿ ಬ್ಲಾಕಿನ ಮೊದಲ ಮಹಡಿಗೆ, ಮೇಲಿನದು ಎ ಬ್ಲಾಕಿನ ಮೂರನೆಯ ಮಹಡಿಯನ್ನು ಬಿ ಬ್ಲಾಕಿನ ಐದನೆಯ ಮಹಡಿಗೆ ಜೋಡಿಸುತ್ತದೆ. ದೂರು ಇಷ್ಟೇ: ಬಿ ಬ್ಲಾಕಿನ ಹೊರರೋಗಿ ವಿಭಾಗದಿಂದ ಎ ಬ್ಲಾಕಿನ ಎಕ್ಸ್‌ರೇ ಕೋಣೆಗೆ ದಾರಿ ಕೇಳಿದರೆ, ಪಕ್ಕದಲ್ಲೇ ಸೇತುವೆ ಇದ್ದರೂ ನಕ್ಷೆ ರೋಗಿಯನ್ನು ಕೆಳಗಿಳಿಸಿ, ರಸ್ತೆಗೆ ಕಳುಹಿಸಿ, ಗುಡ್ಡ ಹತ್ತಿಸಿ ಮತ್ತೆ ಒಳಗೆ ಕರೆದೊಯ್ಯುತ್ತದೆ.

ಮೊದಲ ವಿಂಗಡಣೆ

ದೂರನ್ನು ಕೈಗೆತ್ತಿಕೊಂಡ ಕೂಡಲೇ ಮೊಬೈಲ್‌ನ ಸ್ಥಾನ ಪತ್ತೆಯನ್ನು ಪೂರ್ತಿ ಆರಿಸಿ, ಹೊರಡುವ ಜಾಗವನ್ನೂ ಸೇರುವ ಜಾಗವನ್ನೂ ಕೈಯಿಂದಲೇ ನಕ್ಷೆಯ ಮೇಲೆ ಗುರುತಿಸಿ ದಾರಿ ಕೇಳಬೇಕು. ಆಗಲೂ ದಾರಿ ತಪ್ಪಾಗಿಯೇ ಬಂದರೆ ದೋಷ ದತ್ತಾಂಶದಲ್ಲಿದೆ, ಬೀಕನ್‌ಗಳನ್ನು ಮುಟ್ಟುವ ಅಗತ್ಯವಿಲ್ಲ. ದಾರಿ ಸರಿಯಾಗಿ ಬಂದು, ಸ್ಥಾನ ಪತ್ತೆಯನ್ನು ಚಾಲೂ ಮಾಡಿದಾಗ ಮಾತ್ರ ತಪ್ಪಿದರೆ ದೋಷ ನೀಲಿ ಚುಕ್ಕೆಯದ್ದು, ಅಂದರೆ ಬಳಕೆದಾರರು ಎಲ್ಲಿದ್ದಾರೆಂದು ನಕ್ಷೆಯ ಮೇಲೆ ತೋರಿಸುವ ಗುರುತಿನದ್ದು. ಕುರ್ಚಿಯಿಂದ ಏಳದೆ ಮಾಡಬಹುದಾದ ಈ ಪರೀಕ್ಷೆಯನ್ನು ಬಿಟ್ಟು ಏಣಿ ಹತ್ತಿ ಬೀಕನ್ ಬ್ಯಾಟರಿ ಬದಲಿಸಲು ಹೋಗುವವರೇ ಹೆಚ್ಚು.

ದತ್ತಾಂಶದ ದೋಷವೆಂದು ಖಚಿತವಾದ ಮೇಲೆ ಅದೇ ದಾರಿಯನ್ನು ಹಿಂದುಮುಂದಾಗಿ ಕೇಳಬೇಕು. ಹೋಗುವಾಗ ಸರಿಯಾಗಿದ್ದು ಬರುವಾಗ ತಪ್ಪಿದರೆ, ನಡುವೆ ಎಲ್ಲೋ ಒಂದು ಸಂಪರ್ಕವನ್ನು ಏಕಮುಖವೆಂದು ನಮೂದಿಸಲಾಗಿದೆ ಎಂದರ್ಥ. ಎಸ್ಕಲೇಟರ್‌ಗೆ ಅದು ಸಹಜ. ಲಿಫ್ಟ್‌ಗೂ ಸೇತುವೆಗೂ ಹಾಗೆ ಬರೆದಿದ್ದರೆ ಅದು ನಮೂದಿಸಿದವರ ಕೈತಪ್ಪು. ಎರಡೂ ದಿಕ್ಕಿನಲ್ಲಿ ತಪ್ಪಿದರೆ ದಾರಿಯನ್ನು ತುಂಡು ಮಾಡಿ ಕೇಳುತ್ತ ಹೋಗಬೇಕು: ಮೊದಲು ಒಂದೇ ಮಹಡಿಯೊಳಗೆ, ಅನಂತರ ಒಂದೇ ಬ್ಲಾಕಿನ ಎರಡು ಮಹಡಿಗಳ ನಡುವೆ, ಕೊನೆಗೆ ಎರಡು ಬ್ಲಾಕ್‌ಗಳ ನಡುವೆ. ಯಾವ ತುಂಡಿನಲ್ಲಿ ದಾರಿ ಮೊದಲು ಕೆಡುತ್ತದೆಯೋ ಅಲ್ಲಿಗೆ ಹುಡುಕಾಟ ಸೀಮಿತವಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಮೊದಲ ಎರಡೂ ತುಂಡುಗಳು ಸರಿಯಾಗಿ ಬರುತ್ತವೆ, ಮೂರನೆಯದು ಮಾತ್ರ ಕೆಡುತ್ತದೆ.

ಹೆಸರು, ಕ್ರಮಸಂಖ್ಯೆ, ಎತ್ತರ

ಈಗ ಮಹಡಿಗಳ ಕಡತವನ್ನು ತೆರೆದು, ಪ್ರತಿ ಮಹಡಿಗೂ ಬ್ಲಾಕ್, ಲಿಫ್ಟ್ ಗುಂಡಿಯ ಮೇಲಿರುವ ಹೆಸರು, ಕಡತದಲ್ಲಿರುವ ಕ್ರಮಸಂಖ್ಯೆ, ನೆಲದ ನಿಜವಾದ ಎತ್ತರ ಎಂಬ ನಾಲ್ಕು ಅಂಕಣಗಳ ಪಟ್ಟಿಯೊಂದನ್ನು ಬರೆದುಕೊಳ್ಳಬೇಕು. ಎತ್ತರವನ್ನು ಕಟ್ಟಡದ ಲಂಬಚ್ಛೇದ ನಕ್ಷೆಯಿಂದ ತೆಗೆದುಕೊಳ್ಳಬಹುದು. ಅದು ಸಿಗದಿದ್ದರೆ ಮೆಟ್ಟಿಲುಗಳನ್ನು ಎಣಿಸಿ ಒಂದು ಮೆಟ್ಟಿಲಿನ ಎತ್ತರದಿಂದ ಗುಣಿಸಿದರೂ ಈ ಕೆಲಸಕ್ಕೆ ಸಾಕಾಗುವಷ್ಟು ನಿಖರತೆ ದೊರೆಯುತ್ತದೆ. ಈ ಪಟ್ಟಿ ಮಾಡದೆ ಮುಂದಿನ ಯಾವ ತಪಾಸಣೆಗೂ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರು ಜನರಿಗಾಗಿ ಇರುವುದು. ಗೋಡೆಯ ಮೇಲೆ, ಲಿಫ್ಟ್ ಗುಂಡಿಯ ಮೇಲೆ ಏನಿದೆಯೋ ಅದೇ ಇರಬೇಕು: ಜಿ, ಅಪ್ಪರ್ ಗ್ರೌಂಡ್, ಸ್ಟಿಲ್ಟ್, ಬೇಸ್‌ಮೆಂಟ್ 1, ಕೆಲವು ಕಟ್ಟಡಗಳಲ್ಲಿ 13ರ ಬದಲಿಗೆ 12ಎ. ಕ್ರಮಸಂಖ್ಯೆ ಯಂತ್ರಕ್ಕಾಗಿ ಇರುವುದು. ಯಾವ ಮಹಡಿಯ ಮೇಲೆ ಯಾವುದಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಐಎಂಡಿಎಫ್‌ನಲ್ಲಿ ಅದು ಪೂರ್ಣಾಂಕವಾಗಿರಬೇಕು, ನೆಲಮಟ್ಟಕ್ಕೆ 0 ಎಂದು ಇಡುವುದು ರೂಢಿ. ಹೆಸರಿನಿಂದ ಕ್ರಮಸಂಖ್ಯೆಯನ್ನು ತಂತಾನೇ ಹುಟ್ಟಿಸುವ ಸ್ಕ್ರಿಪ್ಟ್ ಬಳಸಿದ್ದರೆ ದೋಷ ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ರಸ್ತೆಯ ಮಟ್ಟದ ಮಹಡಿಯನ್ನೇ ಒಂದನೆಯದೆಂದು ಎಣಿಸುವ ವಾಡಿಕೆ ಇರುವುದರಿಂದ, ಅಲ್ಲಿಯ ಮಾದರಿಯಲ್ಲಿ ಸಿದ್ಧವಾದ ಸ್ಕ್ರಿಪ್ಟ್ ಒಂದನೆಯ ಮಹಡಿಗೆ 0 ಕೊಡುತ್ತದೆ, ನಮ್ಮ ನೆಲಮಹಡಿಯನ್ನು ನೆಲಮಾಳಿಗೆಗೆ ತಳ್ಳುತ್ತದೆ. ಒಂದು ಬ್ಲಾಕಿನ ಎಲ್ಲ ಮಹಡಿಗಳೂ ಒಂದೊಂದು ಹೆಜ್ಜೆ ಕೆಳಗೆ ಜಾರಿದ್ದರೆ ಇದೇ ಕಾರಣವೆಂದು ತಿಳಿಯಬಹುದು.

ಉದಾಹರಣೆಯ ಆಸ್ಪತ್ರೆಯಲ್ಲಿ ಎರಡೂ ಬ್ಲಾಕ್‌ಗಳನ್ನು ಬೇರೆ ಬೇರೆ ತಂಡಗಳು ನಕ್ಷೆ ಮಾಡಿವೆ, ಎರಡೂ ತಂಡಗಳು ತಮ್ಮ ತಮ್ಮ ನೆಲಮಹಡಿಗೆ 0 ಕೊಟ್ಟಿವೆ. ಬ್ಲಾಕಿನೊಳಗೆ ಇದರಿಂದ ಯಾವ ತೊಂದರೆಯೂ ಕಾಣದಿರುವುದೇ ಈ ದೋಷದ ಕಪಟ. ಕೆಳಗಿನ ಸೇತುವೆಯನ್ನು ಎ ಬ್ಲಾಕಿನವರು ತಮ್ಮ 0ಗೆ ಸೇರಿಸಿದ್ದಾರೆ. ಅದರ ಇನ್ನೊಂದು ತುದಿ ತಲುಪುವ ಬಿ ಬ್ಲಾಕಿನ ಮಹಡಿಯ ಕ್ರಮಸಂಖ್ಯೆ 1. ಒಂದೇ ಕ್ರಮಸಂಖ್ಯೆಯ ಕೋಣೆಗಳ ನಡುವೆ ಮಾತ್ರ ಬಾಗಿಲಿನ ಮೂಲಕ ದಾರಿ ಹೆಣೆಯುವ ತಂತ್ರಾಂಶಕ್ಕೆ ಆ ಸೇತುವೆ ಗಾಳಿಯಲ್ಲಿ ಕೊನೆಗೊಳ್ಳುತ್ತದೆ. ಆದ್ದರಿಂದ ಅದು ತನಗೆ ಗೊತ್ತಿರುವ ಏಕೈಕ ದಾರಿಯಾದ ರಸ್ತೆಯನ್ನು ತೋರಿಸುತ್ತದೆ.

ಪರಿಹಾರವಾಗಿ ಇಡೀ ಆವರಣಕ್ಕೆ ಒಂದೇ ಶೂನ್ಯವನ್ನು ನಿಗದಿ ಮಾಡಬೇಕು. ಎ ಬ್ಲಾಕಿನ ನೆಲಮಹಡಿಯನ್ನು 0 ಎಂದಿಟ್ಟುಕೊಂಡರೆ ಬಿ ಬ್ಲಾಕಿನ ನೆಲಮಹಡಿ -1 ಆಗುತ್ತದೆ, ಅದರ ಮೊದಲ ಮಹಡಿ 0 ಆಗುತ್ತದೆ, ಕೆಳಗಿನ ಸೇತುವೆ ಕೂಡಿಕೊಳ್ಳುತ್ತದೆ. ಬಿ ಬ್ಲಾಕಿನ ಹೆಸರುಫಲಕಗಳನ್ನು ಮುಟ್ಟಬೇಕಾಗಿಲ್ಲ. ಲಿಫ್ಟ್‌ನಲ್ಲಿ ಜಿ ಎಂದಿರುವುದು ನಕ್ಷೆಯಲ್ಲೂ ಜಿ ಎಂದೇ ಕಾಣಿಸುತ್ತದೆ. ಇಷ್ಟಕ್ಕೇ ಕೆಲಸ ಮುಗಿಯಿತೆಂದು ಕಡತ ಮುಚ್ಚಿದರೆ ಮರುದಿನ ಮೇಲಿನ ಸೇತುವೆಯ ದೂರು ಬರುತ್ತದೆ. ಏಕೆಂದರೆ ಎ ಬ್ಲಾಕಿನ ಮೂರನೆಯ ಮಹಡಿ 12.6 ಮೀಟರ್ ಎತ್ತರದಲ್ಲಿದ್ದು ಅದರ ಕ್ರಮಸಂಖ್ಯೆ 3. ಅದೇ ಶೂನ್ಯದಿಂದ ಅಳೆದರೆ ಬಿ ಬ್ಲಾಕಿನ ಐದನೆಯ ಮಹಡಿ 13.2 ಮೀಟರ್ ಎತ್ತರದಲ್ಲಿದ್ದು ಅದರ ಕ್ರಮಸಂಖ್ಯೆ 4. ಮಹಡಿಗಳ ಎತ್ತರ ಬೇರೆ ಬೇರೆಯಾಗಿರುವ ಕಟ್ಟಡಗಳಲ್ಲಿ ಮೇಲೇರಿದಂತೆ ಈ ಅಂತರ ಬೆಳೆಯುತ್ತ ಹೋಗುತ್ತದೆ.

ಇಲ್ಲಿ ನಾನು ಅನುಸರಿಸುವ ಕ್ರಮವೆಂದರೆ, ಹೆಚ್ಚು ಒತ್ತಾದ ಮಹಡಿಗಳಿರುವ ಬ್ಲಾಕನ್ನು ಅಳತೆಪಟ್ಟಿಯಂತೆ ಇಟ್ಟುಕೊಂಡು, ಉಳಿದ ಬ್ಲಾಕ್‌ಗಳ ಮಹಡಿಗಳನ್ನು ಎತ್ತರದಲ್ಲಿ ಅದಕ್ಕೆ ಹತ್ತಿರವಾದ ಕ್ರಮಸಂಖ್ಯೆಗೆ ಸೇರಿಸುವುದು. ಬಿ ಬ್ಲಾಕಿನ 0, 1, 2, 3, 4ನೆಯ ಕ್ರಮಸಂಖ್ಯೆಗಳು ಕ್ರಮವಾಗಿ 0, 3.3, 6.6, 9.9, 13.2 ಮೀಟರ್‌ಗಳಲ್ಲಿವೆ. ಎ ಬ್ಲಾಕಿನ ಮಹಡಿಗಳಿರುವುದು 0, 4.2, 8.4, 12.6 ಮೀಟರ್‌ಗಳಲ್ಲಿ, ಅವಕ್ಕೆ 0, 1, 3, 4 ಎಂದು ಕೊಟ್ಟು 2ನ್ನು ಖಾಲಿ ಬಿಟ್ಟರೆ ಎರಡು ಸೇತುವೆಗಳೂ ಸರಿಹೋಗುತ್ತವೆ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಬಳಕೆದಾರರು ಬಿ ಬ್ಲಾಕಿನ ಮೂರನೆಯ ಮಹಡಿಯನ್ನು ನೋಡುತ್ತಿರುವಾಗ ಪರದೆಯ ಮೇಲೆ ಎ ಬ್ಲಾಕ್ ಬರಿದಾಗಿ ಕಾಣುತ್ತದೆ. ಖಾಲಿ ಬ್ಲಾಕ್ ಕಂಡು ದೂರು ಬರಬಹುದು, ಆದರೆ ಸ್ಟ್ರೆಚರ್ ತಳ್ಳಿಕೊಂಡು ರಸ್ತೆಗೆ ಹೋಗುವುದಕ್ಕಿಂತ ಅದು ಲೇಸು. ನಿಮ್ಮ ತಂತ್ರಾಂಶ ಖಾಲಿ ಸಂಖ್ಯೆಯನ್ನು ಸಹಿಸದಿದ್ದರೆ, ಕ್ರಮಸಂಖ್ಯೆಗಳನ್ನು ಹಾಗೆಯೇ ಬಿಟ್ಟು, ಸೇತುವೆಯ ಎರಡು ತುದಿಗಳ ನಡುವೆ ಸಂಪರ್ಕದ ಕಡತದಲ್ಲಿ ಒಂದು ಸ್ಪಷ್ಟ ನಮೂದನ್ನು ಸೇರಿಸುವುದು ಇನ್ನೊಂದು ದಾರಿ.

ಯಾವ ದಾರಿ ಹಿಡಿದರೂ 0.6 ಮೀಟರ್ ವ್ಯತ್ಯಾಸ ಸೇತುವೆಯ ಮೇಲೆ ಉಳಿದೇ ಇರುತ್ತದೆ. ಅದನ್ನು 1:12 ಇಳಿಜಾರಿನ ರ‍್ಯಾಂಪ್ ಆಗಿ ಕಟ್ಟಿದ್ದರೆ 7.2 ಮೀಟರ್ ಉದ್ದ ಬೇಕು. ಅಷ್ಟು ಜಾಗವಿಲ್ಲದ ಕಡೆ ನಾಲ್ಕು ಮೆಟ್ಟಿಲು ಹಾಕಿ ಕೈತೊಳೆದುಕೊಂಡಿರುತ್ತಾರೆ. ಇದನ್ನು ಸ್ಥಳಕ್ಕೆ ಹೋಗಿಯೇ ನೋಡಬೇಕು, ಮತ್ತು ಮೆಟ್ಟಿಲುಗಳಿದ್ದರೆ ಆ ತುಣುಕಿಗೆ ಮೆಟ್ಟಿಲಿನ ವರ್ಗವನ್ನೇ ನಮೂದಿಸಬೇಕು. ಇಲ್ಲವಾದರೆ ಗಾಲಿಕುರ್ಚಿಯ ದಾರಿ ಕೇಳಿದವರನ್ನು ನಕ್ಷೆ ಆ ಮೆಟ್ಟಿಲುಗಳ ಎದುರು ತಂದು ನಿಲ್ಲಿಸುತ್ತದೆ.

ಮೆಜನೈನ್, ಅಂದರೆ ಎರಡು ಮಹಡಿಗಳ ನಡುವಿನ ಅರೆಮಹಡಿಗಳು ಪ್ರತ್ಯೇಕ ತಲೆನೋವು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅವಕ್ಕೆ 0.5 ಎಂಬಂತೆ ದಶಮಾಂಶ ಕೊಡುವ ರೂಢಿಯಿದೆ. ಅದನ್ನು ಐಎಂಡಿಎಫ್‌ಗೆ ಪರಿವರ್ತಿಸುವಾಗ ಅಂಕಿ ಪೂರ್ಣಾಂಕವಾಗಿ, ಮೆಜನೈನ್‌ನ ಕೋಣೆಗಳು ಕೆಳಗಿನ ಅಥವಾ ಮೇಲಿನ ಮಹಡಿಯ ಕೋಣೆಗಳ ಮೇಲೆ ಬಂದು ಬೀಳುತ್ತವೆ. ಒಂದರ ಮೇಲೊಂದು ಎರಡು ಕೋಣೆಗಳು ಒಂದೇ ಜಾಗದಲ್ಲಿ ಚಿತ್ರಿತವಾಗಿದ್ದರೆ ಇದನ್ನು ಮೊದಲು ಶಂಕಿಸಬೇಕು. ಇನ್ನೊಂದು ಗೊಂದಲ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ಲೇಯರ್ ಟ್ಯಾಗನ್ನು ಮಹಡಿಯೆಂದು ಓದುವುದು. ಲೇಯರ್ ಎಂಬುದು ಚಿತ್ರ ಬಿಡಿಸುವಾಗ ಯಾವುದು ಮೇಲೆ ಕಾಣಬೇಕೆಂಬುದಕ್ಕೆ ಸಂಬಂಧಿಸಿದ್ದು. ಲೆವೆಲ್ ಟ್ಯಾಗ್ ಮಾತ್ರ ಮಹಡಿಯನ್ನು ಸೂಚಿಸುತ್ತದೆ.

ನಕಲು ಮಾಡಿದ ಮಹಡಿಗಳು

ಮೂರನೆಯ ಮಹಡಿಯ ವಾರ್ಡನ್ನು ಹುಡುಕಿದರೆ ಐದನೆಯ ಮಹಡಿ ತೆರೆದುಕೊಳ್ಳುತ್ತದೆ ಎಂಬ ದೂರಿಗೆ ಕಾರಣ ಬಹುತೇಕ ಒಂದೇ. ವಾರ್ಡ್‌ಗಳ ಮಹಡಿಗಳೆಲ್ಲ ಒಂದೇ ವಿನ್ಯಾಸದವಾದ್ದರಿಂದ, ನಕ್ಷೆ ಮಾಡುವವರು ಒಂದು ಮಹಡಿಯನ್ನು ಬಿಡಿಸಿ ಉಳಿದವಕ್ಕೆ ನಕಲು ಮಾಡುತ್ತಾರೆ. ನಕಲಿನೊಂದಿಗೆ ಕೋಣೆಗಳ ಗುರುತಿನ ಸಂಖ್ಯೆಗಳೂ, ಕೆಲವೊಮ್ಮೆ ಅವು ಸೇರಿದ ಮಹಡಿಯ ಸಂಖ್ಯೆಯೂ ಬಂದುಬಿಡುತ್ತವೆ. ಒಂದೇ ಗುರುತು ಎರಡು ಸಲ ಬಂದಾಗ ತಂತ್ರಾಂಶ ಕೊನೆಗೆ ಓದಿದ್ದನ್ನು ಉಳಿಸಿಕೊಂಡು ಮೊದಲಿನದನ್ನು ಸದ್ದಿಲ್ಲದೆ ಕೈಬಿಡಬಹುದು. ಎಲ್ಲ ಕಡತಗಳ ಗುರುತುಗಳನ್ನು ಒಂದೇ ಪಟ್ಟಿಗೆ ತಂದು, ವಿಂಗಡಿಸಿ, ಪುನರಾವರ್ತನೆ ಹುಡುಕಿದರೆ ಸಾಕು. ದುರಸ್ತಿ ಮಾಡುವಾಗ ಮೊದಲು ಮಹಡಿಗೆ, ಅನಂತರ ಕೋಣೆಗಳಿಗೆ, ಆಮೇಲೆ ಬಾಗಿಲು ಮತ್ತು ಸೌಲಭ್ಯಗಳಿಗೆ ಹೊಸ ಗುರುತು ಕೊಡುತ್ತ ಬರಬೇಕು. ಈ ಕ್ರಮ ತಪ್ಪಿದರೆ ಕೆಳಗಿನವು ಅಳಿದುಹೋದ ಗುರುತುಗಳಿಗೆ ಜೋತುಬಿದ್ದಿರುತ್ತವೆ.

ನಕಲಿನ ಜೊತೆಗೆ ಬರುವ ಇನ್ನೊಂದು ದೋಷ ಲಿಫ್ಟ್‌ಗಳದ್ದು. ಲಿಫ್ಟ್‌ನ ಕೋಣೆ ಪ್ರತಿ ಮಹಡಿಯಲ್ಲೂ ಇದೆಯೆಂದ ಮಾತ್ರಕ್ಕೆ ಅದು ಪ್ರತಿ ಮಹಡಿಯಲ್ಲೂ ನಿಲ್ಲುತ್ತದೆಂದು ಹೇಳಲಾಗದು. ಶಸ್ತ್ರಚಿಕಿತ್ಸಾ ವಿಭಾಗದ ಲಿಫ್ಟ್ ಎರಡೇ ಮಹಡಿಗಳಲ್ಲಿ ನಿಲ್ಲುವಂಥದ್ದಾಗಿರಬಹುದು, ಅದೂ ಸಿಬ್ಬಂದಿಗೆ ಮಾತ್ರ. ಲಿಫ್ಟ್ ನಿಲ್ಲದ ಮಹಡಿಯಲ್ಲಿ ಅದರ ಬಾಗಿಲನ್ನು ಅಳಿಸಬೇಕು.

ಬಾಗಿಲು ಮತ್ತು ದ್ವೀಪಗಳು

ಒಂದೇ ಮಹಡಿಯೊಳಗೆ ದಾರಿ ಸಿಗದಿದ್ದರೆ ಬಾಗಿಲುಗಳನ್ನು ನೋಡಬೇಕು. ಬಾಗಿಲು ಎಂಬುದು ಎರಡು ಕೋಣೆಗಳ ಗಡಿಯ ಮೇಲೆ ಕೂತಿರುವ ಒಂದು ಗೆರೆ. ಅದು ಗಡಿಯಿಂದ ತುಸು ಸರಿದಿದ್ದರೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅಲ್ಲಿ ಗೋಡೆಯೇ ಇರುತ್ತದೆ. ಹೀಗೆ ಸರಿಯಲು ಸಾಮಾನ್ಯ ಕಾರಣ ಅಕ್ಷಾಂಶ ರೇಖಾಂಶಗಳ ದಶಮಾಂಶ ಸ್ಥಾನಗಳನ್ನು ಮೊಟಕು ಮಾಡುವುದು. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್ ಆಗಿರುವುದರಿಂದ ಐದನೆಯ ದಶಮಾಂಶ ಸ್ಥಾನ 1.1 ಮೀಟರಿಗೆ ಸಮ, ಅಂದರೆ ಒಂದು ಬಾಗಿಲಿನ ಅಗಲ. ಏಳನೆಯ ಸ್ಥಾನ ಸುಮಾರು ಒಂದು ಸೆಂಟಿಮೀಟರ್. ಹೊರಾಂಗಣ ನಕ್ಷೆಗೆ ಐದು ಸ್ಥಾನ ಧಾರಾಳವಾಗಿ ಸಾಕು. ಒಳಾಂಗಣಕ್ಕೆ ಏಳಕ್ಕಿಂತ ಕಡಿಮೆ ಇಡಬಾರದು.

ಒಂದೊಂದೇ ಬಾಗಿಲನ್ನು ಕಣ್ಣಿನಿಂದ ನೋಡುತ್ತ ಕೂರುವುದು ವ್ಯರ್ಥ ಶ್ರಮ. ಕೋಣೆಗಳನ್ನು ಬಿಂದುಗಳೆಂದೂ ಬಾಗಿಲು, ಲಿಫ್ಟ್, ಮೆಟ್ಟಿಲುಗಳನ್ನು ಅವುಗಳನ್ನು ಜೋಡಿಸುವ ಗೆರೆಗಳೆಂದೂ ಭಾವಿಸಿ, ಪರಸ್ಪರ ತಲುಪಬಹುದಾದ ಗುಂಪುಗಳು ಎಷ್ಟಿವೆ ಎಂದು ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಬರೆಯಬೇಕು. ಸಾರ್ವಜನಿಕರಿಗೆ ತೆರೆದಿರುವ ಜಾಗವೆಲ್ಲ ಒಂದೇ ಗುಂಪಿಗೆ ಸೇರಬೇಕು. ಒಂದೇ ಕೋಣೆಯ ದ್ವೀಪ ಸಿಕ್ಕರೆ ಅಲ್ಲಿ ಬಾಗಿಲು ಬಿಟ್ಟುಹೋಗಿದೆ. ಇಡೀ ಮಹಡಿಯೇ ದ್ವೀಪವಾಗಿದ್ದರೆ ಲಿಫ್ಟ್ ಮೆಟ್ಟಿಲುಗಳ ಸಂಪರ್ಕವಿಲ್ಲ. ಇಡೀ ಬ್ಲಾಕ್ ದ್ವೀಪವಾಗಿದ್ದರೆ ಹಿಂದಿನ ಭಾಗದಲ್ಲಿ ಹೇಳಿದ ಕ್ರಮಸಂಖ್ಯೆಯ ದೋಷವನ್ನು ಹುಡುಕಬೇಕು. ಕೋಣೆಗಳು ಒಂದರ ಮೇಲೊಂದು ಹತ್ತಿರುವುದನ್ನು ಕ್ಯೂಜಿಐಎಸ್ ಎಂಬ ನಕ್ಷಾ ತಂತ್ರಾಂಶದ ಟೊಪಾಲಜಿ (ಆಕೃತಿಗಳ ಪರಸ್ಪರ ಹೊಂದಿಕೆಯ) ತಪಾಸಣೆಯೇ ತೋರಿಸುತ್ತದೆ.

ನಕ್ಷೆಯೇ ಬೇರೆಡೆ ಕೂತಿದ್ದರೆ

ಇವು ನೋಡಿದ ಕೂಡಲೇ ತಿಳಿಯುವ ದೋಷಗಳಾದ್ದರಿಂದ ಹೆಚ್ಚು ಹೇಳಬೇಕಾಗಿಲ್ಲ. 2016ರ ಆರ್‌ಎಫ್‌ಸಿ 7946 ಎಂಬ ಮಾನದಂಡ ದಾಖಲೆಯ ಪ್ರಕಾರ ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಅನಂತರ. ಇದನ್ನು ಅದಲುಬದಲು ಮಾಡಿದರೆ ಬೆಂಗಳೂರಿನ ಕಟ್ಟಡ ಸ್ವಾಲ್ಬಾರ್ಡ್ ದ್ವೀಪಗಳ ಬಳಿಯ ಆರ್ಕ್‌ಟಿಕ್ ಸಮುದ್ರಕ್ಕೆ ಬೀಳುತ್ತದೆ. ಕಟ್ಟಡ ಸುಮಾರು 650 ಕಿಲೋಮೀಟರ್ ಪೂರ್ವಕ್ಕೆ ಸರಿದು ಬಂಗಾಳ ಕೊಲ್ಲಿಯಲ್ಲಿ ಕಂಡರೆ ಯುಟಿಎಂ (ಭೂಮಿಯನ್ನು ರೇಖಾಂಶದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿ) ವಲಯ ತಪ್ಪಾಗಿದೆ: 78 ಡಿಗ್ರಿ ರೇಖಾಂಶವೇ 43 ಮತ್ತು 44ನೆಯ ವಲಯಗಳ ಗಡಿಯಾಗಿರುವುದರಿಂದ ಬೆಂಗಳೂರು 43ರಲ್ಲಿದೆ, ಕೋಲಾರ ಪಟ್ಟಣ 44ರಲ್ಲಿದೆ. ಪರದೆಯೆಲ್ಲ ಬಣ್ಣವಾಗಿ ಕೋಣೆ ಮಾತ್ರ ಖಾಲಿ ಕಂಡರೆ ಬಹುಭುಜದ ಬಿಂದುಗಳ ಸುತ್ತು ತಿರುಗುಮುರುಗಾಗಿದೆ; ಆರ್‌ಎಫ್‌ಸಿ ಹೊರಸುತ್ತನ್ನು ಅಪ್ರದಕ್ಷಿಣವಾಗಿ ಬರೆಯಬೇಕೆನ್ನುತ್ತದೆ, ವೆಬ್‌ನಲ್ಲಿ ಚಿತ್ರ ಬಿಡಿಸುವ ಡಿ3 ಎಂಬ ಕೋಡ್ ಸಂಗ್ರಹ ಅದಕ್ಕೆ ವಿರುದ್ಧವಾದುದನ್ನು ನಿರೀಕ್ಷಿಸುತ್ತದೆ.

ಕಣ್ತಪ್ಪುವುದು ಸಣ್ಣ ಸ್ಥಾನಪಲ್ಲಟ. ಉಪಗ್ರಹ ಚಿತ್ರದ ಮೇಲಿನಿಂದ ಕಟ್ಟಡದ ಅಂಚು ಗುರುತಿಸಿದವರು ಚಾವಣಿಯ ಅಂಚನ್ನು ಹಿಡಿದಿರುತ್ತಾರೆ. ಚಿತ್ರ ಓರೆಯಾಗಿ ತೆಗೆದದ್ದಾದರೆ ಎತ್ತರದ ಬ್ಲಾಕಿನ ಚಾವಣಿ ಅದರ ಬುಡದಿಂದ ಹಲವು ಮೀಟರ್ ಆಚೆ ಕಾಣುತ್ತದೆ. ಎಲ್ಲ ಮಹಡಿಗಳನ್ನು ಒಂದರ ಮೇಲೊಂದು ಪಾರದರ್ಶಕವಾಗಿ ಹಾಸಿ ಲಿಫ್ಟ್ ಬಾವಿಗಳು ಒಂದೇ ನೇರದಲ್ಲಿವೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಒಂದು ಬಾವಿ ಸರಿಯಾಗಿ ಕೂತು, ಕಟ್ಟಡದ ಇನ್ನೊಂದು ತುದಿಯ ಬಾವಿ ಸರಿದಿದ್ದರೆ ಆ ಮಹಡಿಯ ಅಳತೆಯ ಪ್ರಮಾಣವೋ ತಿರುಗುವಿಕೆಯೋ ತಪ್ಪಿದೆ.

ಕನ್ನಡದ ಹೆಸರುಗಳು

ಕರ್ನಾಟಕದ ಆವರಣಗಳ ನಕ್ಷೆಗಳಲ್ಲಿ ಈ ಭಾಗ ಮುಖ್ಯ. ಹಳೆಯ ಕ್ಯಾಡ್ ನಕ್ಷೆಗಳಲ್ಲಿ ಯೂನಿಕೋಡ್‌ಗೆ ಮುಂಚಿನ ನುಡಿ ಅಕ್ಷರಶೈಲಿಯಲ್ಲಿ ಬರೆದ ಕೋಣೆಗಳ ಹೆಸರು ಆಮದು ಮಾಡಿದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಬರುತ್ತದೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಹೆಸರುಗಳು ಸರಿಯಾಗಿದ್ದೂ ಪರದೆಯ ಮೇಲೆ ಒತ್ತಕ್ಷರಗಳು ಕಳಚಿ ಬಿದ್ದಂತೆ ಕಂಡರೆ ದತ್ತಾಂಶವನ್ನು ತಿದ್ದಲು ಹೋಗಬಾರದು. ಮ್ಯಾಪ್‌ಲಿಬ್ರೆಯಂತಹ ವೆಕ್ಟರ್ ನಕ್ಷಾ ತಂತ್ರಾಂಶಗಳು ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವುದರಿಂದ ಭಾರತೀಯ ಲಿಪಿಗಳಲ್ಲಿ ಈ ತೊಂದರೆ ಬಹುಕಾಲದಿಂದ ಇದೆ. ಅಂಥ ಹೆಸರುಗಳನ್ನು ಬ್ರೌಸರಿನ ಸಾಮಾನ್ಯ ಪಠ್ಯವಾಗಿ ನಕ್ಷೆಯ ಮೇಲೆ ಇಡುವುದು ಸದ್ಯದ ಪರಿಹಾರ.

ಹುಡುಕಿದರೂ ಕೋಣೆ ಸಿಗದಿರುವುದು ಇದಕ್ಕಿಂತ ಸೂಕ್ಷ್ಮ. ಒಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ‘ಎಕ್ಸ್‌ರೇ’ ಎಂಬಲ್ಲಿ ನಡುವೆ ಅಡಗಿರುವ ಅಗೋಚರ ಅಕ್ಷರವೂ ಹಾಗೆಯೇ, ಬಳಕೆದಾರರು ಅದನ್ನು ಒತ್ತಿರುವುದಿಲ್ಲ. ಸೂಚಿಯಲ್ಲಿರುವ ಹೆಸರುಗಳನ್ನೂ ಹುಡುಕುವ ಪದವನ್ನೂ ಒಂದೇ ರೂಪಕ್ಕೆ ತಂದು, ಅಗೋಚರ ಅಕ್ಷರಗಳನ್ನೂ ತೆರಪುಗಳನ್ನೂ ತೆಗೆದು ಹೋಲಿಸಬೇಕು. ಕ್ಷ-ಕಿರಣ, ಎಕ್ಸ್‌ರೇ ಎಂಬ ಪರ್ಯಾಯಗಳನ್ನೂ ಸೇರಿಸಿಡಬೇಕು. ಜನ ಕೇಳುವುದು ಎರಡನೆಯದನ್ನೇ.

ನೀಲಿ ಚುಕ್ಕೆಯ ದೋಷ

ಇಷ್ಟೆಲ್ಲ ಸರಿಯಿದ್ದು ಚುಕ್ಕೆ ಮಾತ್ರ ತಪ್ಪು ಮಹಡಿಯಲ್ಲಿ ಕಂಡರೆ, ತಪ್ಪುವ ಹೊತ್ತನ್ನು ಗಮನಿಸಬೇಕು. ಮೊಬೈಲ್‌ನ ವಾಯುಭಾರಮಾಪಕದಿಂದ ಮಹಡಿಯನ್ನು ನಿರ್ಧರಿಸುವ ತಂತ್ರಾಂಶಗಳಿಗೆ ಒಂದು ಮಹಡಿಯೆಂದರೆ ಸುಮಾರು 0.4 ಹೆಕ್ಟೋಪಾಸ್ಕಲ್ ಒತ್ತಡದ ವ್ಯತ್ಯಾಸ. ಉಷ್ಣವಲಯದಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರೊಳಗೆ ವಾತಾವರಣದ ಒತ್ತಡ ತಾನಾಗಿಯೇ ಸುಮಾರು 3 ಹೆಕ್ಟೋಪಾಸ್ಕಲ್ ಇಳಿಯುತ್ತದೆ, ಅಂದರೆ ಏಳೆಂಟು ಮಹಡಿಗಳಷ್ಟು. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಎಲ್ಲರೂ ಮೇಲಿನ ಮಹಡಿಗಳಲ್ಲಿ ಕಂಡರೆ ತಂತ್ರಾಂಶ ಒತ್ತಡದ ನೇರ ಅಂಕಿಯನ್ನೇ ನಂಬುತ್ತಿದೆ. ಲಿಫ್ಟ್ ಅಥವಾ ಮೆಟ್ಟಿಲಿನಲ್ಲಿ ಸಾಗುವಾಗ ಆಗುವ ಬದಲಾವಣೆಯನ್ನಷ್ಟೇ ಅದು ಲೆಕ್ಕಕ್ಕೆ ಹಿಡಿಯುವಂತೆ ತಿದ್ದಬೇಕು.

ಹೊತ್ತಿನ ಹಂಗಿಲ್ಲದೆ ಒಂದೇ ಜಾಗದಲ್ಲಿ ತಪ್ಪಿದರೆ ಬೀಕನ್‌ಗಳ ಸರದಿ. ಐಬೀಕನ್ ಬಗೆಯ ಬೀಕನ್‌ಗಳನ್ನು ಗುರುತಿಸುವ ಮೇಜರ್, ಮೈನರ್ ಸಂಖ್ಯೆಗಳು ಎರಡು ಬ್ಲಾಕ್‌ಗಳಲ್ಲಿ ಪುನರಾವರ್ತನೆಯಾಗಿವೆಯೇ, ಚಾವಣಿಯ ರಿಪೇರಿಯ ವೇಳೆ ಬೀಕನ್ ಸ್ಥಳ ಬದಲಿಸಿದೆಯೇ ಎಂದು ನೋಡಬೇಕು. ನಡುವೆ ತೆರೆದ ಅಂಗಳವಿರುವ ಕಟ್ಟಡದಲ್ಲಿ ಕೆಳಗಿನ ಬೀಕನ್‌ನ ಸಂಕೇತ ಮೇಲಿನ ಮೊಗಸಾಲೆಗೂ ಬಲವಾಗಿ ತಲುಪುತ್ತದೆ. ಅಲ್ಲಿ ಬೀಕನ್‌ಗಳನ್ನು ಅಂಗಳದ ಅಂಚಿನಿಂದ ಒಳಗೆ ಸರಿಸಬೇಕು. ಚುಕ್ಕೆ ಸರಿಯಾದ ಮಹಡಿಯಲ್ಲಿದ್ದು ಬಿಟ್ಟುಬಿಟ್ಟು ಜಿಗಿಯುತ್ತಿದ್ದರೆ, ಆಂಡ್ರಾಯ್ಡ್ 9ರಿಂದ ಒಂದು ಆ್ಯಪ್‌ಗೆ ಎರಡು ನಿಮಿಷದಲ್ಲಿ ನಾಲ್ಕೇ ವೈ-ಫೈ ಸ್ಕ್ಯಾನ್‌ಗಳಿಗೆ ಅನುಮತಿ ಇರುವುದನ್ನು ನೆನಪಿಡಬೇಕು. ಅದು ನಕ್ಷೆಯ ದೋಷವಲ್ಲ.

ದುರಸ್ತಿಯ ನಂತರ

ನಕ್ಷೆಯ ಕಡತಗಳ ಜೊತೆಗಿದ್ದು ಅವುಗಳ ವಿವರ ಹೇಳುವ ಮ್ಯಾನಿಫೆಸ್ಟ್ ಕಡತದಲ್ಲಿ ರಚನೆಯ ದಿನಾಂಕ ಬದಲಾಗಿದೆಯೇ, ಮೊಬೈಲ್‌ಗಳು ಹಳೆಯ ಪ್ರತಿಯನ್ನೇ ಉಳಿಸಿಕೊಂಡಿವೆಯೇ ಎಂದು ಮೊದಲು ಪರಿಶೀಲಿಸಬೇಕು. ಅನಂತರ ಪ್ರತಿ ಸೇತುವೆಯ ಎರಡು ತುದಿಗಳು, ಪ್ರತಿ ಲಿಫ್ಟ್‌ನ ಮೇಲಿನ ಮತ್ತು ಕೆಳಗಿನ ಕೊನೆಯ ಮಹಡಿಗಳು, ಪ್ರತಿ ಬ್ಲಾಕಿನ ಮುಖ್ಯ ದ್ವಾರ ಇವುಗಳ ನಡುವಿನ ದಾರಿಗಳ ಪಟ್ಟಿಯೊಂದನ್ನು ಮಾಡಿ, ನಡೆದು ಹೋಗುವವರಿಗೂ ಗಾಲಿಕುರ್ಚಿಯವರಿಗೂ ಪ್ರತ್ಯೇಕವಾಗಿ, ಎರಡೂ ದಿಕ್ಕಿನಲ್ಲಿ ಕೇಳಿ, ಬಂದ ದೂರವನ್ನು ಬರೆದಿಡಬೇಕು. ಹೊಸ ಗೋಡೆ ಎದ್ದಾಗ, ವಾರ್ಡ್ ಸ್ಥಳಾಂತರವಾದಾಗ ನಕ್ಷೆಯನ್ನು ತಿದ್ದಿ ಪ್ರಕಟಿಸುವ ಮುನ್ನ ಅದೇ ಪಟ್ಟಿಯನ್ನು ಮತ್ತೆ ಓಡಿಸಿ, ದೂರದ ಅಂಕಿ ಹಠಾತ್ತನೆ ಹಿಗ್ಗಿದ ಸಾಲುಗಳನ್ನು ಮಾತ್ರ ಸ್ಥಳಕ್ಕೆ ಹೋಗಿ ನೋಡಿದರೆ ಸಾಕಾಗುತ್ತದೆ.